ತೇಲುವ ನೌಕಾನೆಲೆ

ಮೇವಿಗೆ ಹೋದ ಹಸು ಎಷ್ಟು ದೂರ ಅಲೆದರೂ ಸಂಜೆಯ ಹೊತ್ತಿಗೆ ಕೊಟ್ಟಿಗೆಯನ್ನು ಸೇರಲೇಬೇಕು. ಯುದ್ಧನೌಕೆಯ ಸ್ಥಿತಿಯೂ ಬಹುಕಾಲ ಹೀಗೆಯೇ ಇದ್ದಿತು. ಅದರ ಫಿರಂಗಿಗಳು ಎಷ್ಟೇ ಭಯಂಕರವಾಗಿರಲಿ, ಯಂತ್ರಗಳು ಎಷ್ಟೇ ಬಲಶಾಲಿಯಾಗಿರಲಿ, ಉರುವಲು ಮುಗಿಯುತ್ತ ಬಂದೊಡನೆ ಅದು ಬಂದರಿನ ಕಡೆಗೆ ಮುಖ ತಿರುಗಿಸಬೇಕಾಗಿದ್ದಿತು. ಹಾಯಿಹಡಗುಗಳ ಕಾಲದಲ್ಲಿ ಗಾಳಿಯು ಧರ್ಮಾರ್ಥವಾಗಿ ದೊರೆಯುತ್ತಿದ್ದಿತು. ಕಲ್ಲಿದ್ದಲು ಮತ್ತು ಎಣ್ಣೆಗಳ ಕಾಲ ಬಂದಮೇಲೆ ಹಡಗಿನ ವೇಗ ಹೆಚ್ಚಿತು. ಅದರ ಸ್ವಾತಂತ್ರ್ಯ ಮಾತ್ರ ಕುಗ್ಗಿತು.

ನೌಕಾನೆಲೆಯೆಂದೊಡನೆ ಕಲ್ಲಿನ ಧಕ್ಕೆ, ಎಣ್ಣೆಯ ತೊಟ್ಟಿಗಳು, ಉಗ್ರಾಣಗಳು, ಕಮ್ಮಟಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಹಡಗಿಗೆ ನಿಜವಾಗಿ ಬೇಕಾದುದು ಆ ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಅದಕ್ಕೆ ಬೇಕಾದುವು ಎಣ್ಣೆ, ಸಿಹಿನೀರು, ಆಹಾರ, ಮದ್ದುಗುಂಡು, ದುರಸ್ತಿ ಮತ್ತು ವೈದ್ಯೋಪಚಾರ. ಈ ಆರನ್ನೂ ಬೇರೆ ಬೇರೆ ಹಡಗುಗಳಲ್ಲಿ ತುಂಬಿ ಸಮುದ್ರದ ನಡುವೆ ನಿಲ್ಲಿಸಿದರೆ ಅದೂ ಒಂದು ನೌಕಾನೆಲೆಯೇ ಆಗುವುದಲ್ಲವೆ? ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ನೌಕಾಪಡೆಯು ಪೆಸಿಫಿಕ್ ಮಹಾಸಾಗರದಲ್ಲಿ ಇಂತಹದೊಂದು ನೆಲೆಯನ್ನು ಹೂಡಿತು. ಅದರ ಹಿಂದಿನ ವಿಜ್ಞಾನವೇನು, ಅದು ನೆಲದ ಹಂಗನ್ನು ಎಷ್ಟರಮಟ್ಟಿಗೆ ಬಿಡಿಸಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಹವಳದ ಬಳೆಯೊಳಗಿನ ಬಂದರು

ಮೊದಲು ದೂರದ ಲೆಕ್ಕವನ್ನು ನೋಡೋಣ. ಹವಾಯಿ ದ್ವೀಪಗಳಲ್ಲಿರುವ ಪರ್ಲ್ ಹಾರ್ಬರ್ ಅಮೆರಿಕದ ಪೆಸಿಫಿಕ್ ನೌಕಾಪಡೆಯ ಮುಖ್ಯ ನೆಲೆ. ಅಲ್ಲಿಂದ ಪಶ್ಚಿಮದ ಕ್ಯಾರೊಲೈನ್ ದ್ವೀಪಗಳಿಗೆ 3,600 ನಾವಿಕ ಮೈಲಿಗಳಿಗೂ ಮಿಕ್ಕಿದ ಹಾದಿ. ಗಂಟೆಗೆ 15 ನಾವಿಕ ಮೈಲಿಯಂತೆ ಹೋದರೂ ಒಂದು ಕಡೆಯ ಪ್ರಯಾಣಕ್ಕೇ ಹತ್ತು ದಿನಗಳು ಬೇಕು. ಪ್ರತಿಯೊಂದು ಸಲ ಎಣ್ಣೆಗಾಗಿ ಹಿಂದಿರುಗುವುದಾದರೆ ಇಪ್ಪತ್ತು ದಿನಗಳು ಹಾದಿಯಲ್ಲಿಯೇ ಕಳೆದುಹೋಗುವುವು. ತುಂಬಿಕೊಂಡ ಎಣ್ಣೆಯ ಬಹುಪಾಲು ಬರುವುದಕ್ಕೂ ಹೋಗುವುದಕ್ಕೂ ವೆಚ್ಚವಾಗುವುದು.

1944ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಸೈನಿಕರು ಕ್ಯಾರೊಲೈನ್ ದ್ವೀಪಗಳಲ್ಲೊಂದಾದ ಉಲಿಥಿಯಲ್ಲಿ ಇಳಿದರು. ಜಪಾನೀ ಪಡೆಯು ಅದನ್ನು ಮೊದಲೇ ಬಿಟ್ಟುಹೋಗಿದ್ದುದರಿಂದ ಯಾವ ಪ್ರತಿಭಟನೆಯೂ ಎದುರಾಗಲಿಲ್ಲ. ಉಲಿಥಿಯು ಒಂದೇ ದ್ವೀಪವಲ್ಲ. ಹವಳದ ದಿಣ್ಣೆಯು ಬಳೆಯಂತೆ ಸುತ್ತುವರಿದಿರುವ, ನಡುವೆ ಶಾಂತವಾದ ಕೊಳವನ್ನುಳ್ಳ ಕಿರುದ್ವೀಪಗಳ ಸಮೂಹ. ಇಂತಹ ಬಳೆಗಳು ಹುಟ್ಟುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ವಿವರಿಸಿದ್ದನು. ಅಗ್ನಿಪರ್ವತದ ದ್ವೀಪವೊಂದು ನಿಧಾನವಾಗಿ ನೀರಿನಲ್ಲಿ ಕುಸಿಯುತ್ತ ಹೋದಂತೆ ಅದರ ಅಂಚಿನ ಹವಳವು ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಕೊನೆಗೆ ಬೆಟ್ಟವು ಅಡಗಿ ಬಳೆಯು ಮಾತ್ರ ಉಳಿಯುತ್ತದೆ.

ಉಲಿಥಿಯ ಕೊಳವು ಸುಮಾರು 20 ಮೈಲಿ ಉದ್ದ, 10 ಮೈಲಿ ಅಗಲ. ಲಂಗರು ಹಾಕಲು ತಕ್ಕಷ್ಟು ಆಳ. ಆದರೆ ದ್ವೀಪಗಳ ನೆಲವನ್ನೆಲ್ಲ ಕೂಡಿಸಿದರೂ ಐದು ಚದರ ಕಿಲೋಮೀಟರು ಆಗದು. ಉಗ್ರಾಣ, ಕಮ್ಮಟಗಳನ್ನು ಕಟ್ಟಲು ಅಲ್ಲಿ ಸ್ಥಳವೆಲ್ಲಿ? ಆದುದರಿಂದ ಅವನ್ನೆಲ್ಲ ತೇಲಿಸಿಕೊಂಡೇ ತರಬೇಕಾಯಿತು. ಈ ಕೆಲಸವನ್ನು ವಹಿಸಿಕೊಂಡದ್ದು ಕಮೊಡೋರ್ ವೊರಲ್ ಕಾರ್ಟರನ ನೇತೃತ್ವದ ಹತ್ತನೆಯ ಸೇವಾದಳ. ಎಣ್ಣೆಯ ದೋಣಿಗಳು, ಮದ್ದಿನ ಹಡಗುಗಳು, ಶೀತಲ ಉಗ್ರಾಣಗಳು, ಆಸ್ಪತ್ರೆಯ ಹಡಗುಗಳು, ಕಮ್ಮಟವನ್ನೇ ಹೊತ್ತ ದುರಸ್ತಿಹಡಗುಗಳು ಒಂದೊಂದಾಗಿ ಬಂದು ಸೇರಿದುವು. ಉಕ್ಕಿನ ಅಭಾವದಿಂದ ಕೆಲವು ದೋಣಿಗಳನ್ನು ಕಾಂಕ್ರೀಟಿನಿಂದಲೇ ಮಾಡಿದ್ದರು. ಅವುಗಳಲ್ಲಿ ಐಸ್‌ಕ್ರೀಮು ತಯಾರಿಸುವ ದೋಣಿಯೂ ಒಂದಿದ್ದಿತು!

“ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ” ಎಂಬ ಗಾದೆ ನಮ್ಮಲ್ಲಿದೆ. ಹಡಗಿನವರ ಬಡತನ ಉಪ್ಪಿಗಲ್ಲ, ನೀರಿಗೆ. ಒಂದು ಸಾವಿರ ಪಾಲು ಸಮುದ್ರಜಲದಲ್ಲಿ ಸುಮಾರು 35 ಪಾಲು ಲವಣವಿರುತ್ತದೆ. ಅದನ್ನು ಕುಡಿಯುವಂತಿಲ್ಲ; ಹಡಗಿನ ಬಾಯ್ಲರುಗಳಿಗೆ ಹಾಕುವಂತೆಯೂ ಇಲ್ಲ. ಏಕೆಂದರೆ ನೀರು ಆವಿಯಾದಂತೆ ಲವಣವು ಕೊಳವೆಗಳ ಒಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆದಕಾರಣ ಸಮುದ್ರದ ನೀರನ್ನು ಬಟ್ಟಿಯಿಳಿಸಿ ಸಿಹಿನೀರನ್ನು ಒದಗಿಸುವುದಕ್ಕಾಗಿಯೇ ಪ್ರತ್ಯೇಕ ಹಡಗುಗಳನ್ನು ನಿಯೋಜಿಸಬೇಕಾಯಿತು.

ಹಡಗನ್ನು ಎತ್ತುವ ಹಡಗು

ಹಡಗಿನ ತಳಭಾಗಕ್ಕೆ ಪೆಟ್ಟು ಬಿದ್ದರೆ ಅದನ್ನು ನೀರಿನಿಂದ ಹೊರಗೆ ತೆಗೆದಲ್ಲದೆ ದುರಸ್ತಿ ಮಾಡುವುದು ಕಷ್ಟ. ನೆಲದ ಮೇಲೆ ಇದಕ್ಕಾಗಿ ದೊಡ್ಡ ಹೊಂಡಗಳನ್ನು ಕಟ್ಟಿರುತ್ತಾರೆ. ನಡುಗಡಲಿನಲ್ಲಿ ಮಾಡುವುದೇನು? ಉತ್ತರವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸನು ಕೊಟ್ಟಿದ್ದಾನೆ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತೇಲುವ ದುರಸ್ತಿಕಟ್ಟೆಯು ಎರಡು ಕಡೆ ಎತ್ತರದ ಗೋಡೆಗಳಿರುವ ಒಂದು ದೊಡ್ಡ ಟೊಳ್ಳು ತೊಟ್ಟಿ. ಅದರ ಹೊಟ್ಟೆಯೊಳಕ್ಕೆ ನೀರನ್ನು ಬಿಟ್ಟರೆ ಅದು ಮುಳುಗುತ್ತದೆ. ಆಗ ಪೆಟ್ಟುಬಿದ್ದ ಹಡಗನ್ನು ಗೋಡೆಗಳ ನಡುವೆ ತಂದು ನಿಲ್ಲಿಸಿ, ಒಳಗಿನ ನೀರನ್ನು ಪಂಪುಗಳಿಂದ ಹೊರಹಾಕಿದರೆ, ಕಟ್ಟೆಯು ಹಡಗನ್ನು ಬೆನ್ನಮೇಲೆ ಹೊತ್ತು ಮೇಲೇಳುತ್ತದೆ. 45,000 ಟನ್ನಿನ ಹಡಗನ್ನು ಎತ್ತಬೇಕಾದರೆ ಅಷ್ಟೇ ತೂಕದ ನೀರನ್ನಾದರೂ ಹೊರಕ್ಕೆ ಸುರಿಯಬೇಕು.

ಉಲಿಥಿಯಲ್ಲಿದ್ದುವು ಸಣ್ಣ ಗಾತ್ರದ ಕಟ್ಟೆಗಳು. ಇವುಗಳ ಹಿರಿಯಣ್ಣನೆನ್ನಬಹುದಾದ ಮಹಾಕಟ್ಟೆಗಳನ್ನು ದಕ್ಷಿಣದ ಮಾನುಸ್ ಮತ್ತು ಎಸ್ಪಿರಿಟು ಸಾಂಟೊ ದ್ವೀಪಗಳಲ್ಲಿ ನಿಲ್ಲಿಸಿದ್ದರು. ಅಲ್ಲಿ ಹತ್ತು ತುಂಡುಗಳನ್ನು ಬೇರೆ ಬೇರೆಯಾಗಿ ಸಾಗರದಾಚೆಯಿಂದ ಎಳೆತಂದು, ಮಡಿಸಿದ್ದ ಗೋಡೆಗಳನ್ನು ನಿಲ್ಲಿಸಿ, ಒಂದಕ್ಕೊಂದು ಬೆಸೆದರು. ಹೀಗೆ ಸಿದ್ಧವಾದ ಕಟ್ಟೆಯ ಉದ್ದ 900 ಅಡಿಗಳಿಗೂ ಮಿಕ್ಕಿದ್ದಿತು. ಅದು ಸುಮಾರು 90,000 ಟನ್ನು ತೂಕವನ್ನು ಎತ್ತಬಲ್ಲುದಾಗಿದ್ದಿತು.

ಓಡುತ್ತಲೇ ಎಣ್ಣೆ

ನೆಲೆಯು ಉಲಿಥಿಗೆ ಬಂದರೂ ಅಲ್ಲಿಂದ ಟೋಕಿಯೊ ಇನ್ನೂ 1,500 ನಾವಿಕ ಮೈಲಿಗಳಿಗೂ ಮಿಕ್ಕಿದ ದೂರ. ಆದುದರಿಂದ ನೆಲೆಯ ಒಂದು ಭಾಗವು ಇನ್ನೂ ಮುಂದಕ್ಕೆ ಚಲಿಸಿ, ಕಾದುವ ಹಡಗುಗಳನ್ನು ಸಮುದ್ರದಲ್ಲಿಯೇ ಸಂಧಿಸಬೇಕಾಗಿದ್ದಿತು. ಈ ಕೆಲಸಕ್ಕಾಗಿ 34 ತೈಲನೌಕೆಗಳಿದ್ದುವು. ಅವು ಸರದಿಯ ಮೇಲೆ ಗೊತ್ತಾದ ಸ್ಥಳಕ್ಕೆ ಹೋಗಿ ಎಣ್ಣೆಯನ್ನು ಹಂಚಿ, ಬರಿದಾದೊಡನೆ ಉಲಿಥಿಗೆ ಹಿಂದಿರುಗಿ ತುಂಬಿಕೊಳ್ಳುತ್ತಿದ್ದುವು.

ಈ ವಿದ್ಯೆಗೆ ಆಗಲೇ ಇಪ್ಪತ್ತೇಳು ವರ್ಷಗಳ ಇತಿಹಾಸವಿದ್ದಿತು. 1917ರಲ್ಲಿ ಐರ್ಲೆಂಡಿಗೆ ಹೊರಟಿದ್ದ ಅಮೆರಿಕದ ಡಿಸ್ಟ್ರಾಯರುಗಳಿಗೆ ಮಾಮೀ ಎಂಬ ತೈಲನೌಕೆಯು ಅಟ್ಲಾಂಟಿಕ್ ಸಾಗರದ ನಡುವೆ ಎಣ್ಣೆಯನ್ನು ಕೊಟ್ಟಿತ್ತು. ಆ ಹಡಗಿನ ಯಂತ್ರಗಳ ಹೊಣೆ ಹೊತ್ತಿದ್ದ ತರುಣ ಅಧಿಕಾರಿ ಚೆಸ್ಟರ್ ನಿಮಿಟ್ಜ್. 1944ರಲ್ಲಿ ಆತನೇ ಪೆಸಿಫಿಕ್ ನೌಕಾಪಡೆಯ ಮಹಾದಂಡನಾಯಕ.

ಎಣ್ಣೆ ಪಡೆಯುವಾಗ ಹಡಗುಗಳು ನಿಲ್ಲುವುದಿಲ್ಲ. ನಿಂತ ಹಡಗು ಶತ್ರುವಿಗೆ ಸುಲಭವಾದ ಗುರಿ. ಮೇಲಾಗಿ, ನೀರು ಹರಿದುಹೋಗುತ್ತಿದ್ದರೆ ಮಾತ್ರ ಚುಕ್ಕಾಣಿಯು ಕೆಲಸ ಮಾಡುತ್ತದೆ. ಆದುದರಿಂದ ಎರಡು ಹಡಗುಗಳೂ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಜೊತೆಜೊತೆಯಾಗಿ ಓಡುತ್ತವೆ; ನಡುವೆ ರಬ್ಬರ್ ಕೊಳವೆಗಳು ತೂಗುತ್ತವೆ. ಆದರೆ ಇಲ್ಲಿ ಒಂದು ಗಂಡಾಂತರವಿದೆ. ನದಿಯು ಇಕ್ಕಟ್ಟಾದ ಕಡೆ ವೇಗವಾಗಿ ಹರಿಯುವುದನ್ನು ನಾವು ನೋಡಿದ್ದೇವೆ. ಎರಡು ಹಡಗುಗಳ ನಡುವೆ ಸಿಕ್ಕ ನೀರೂ ಹಾಗೆಯೇ ವೇಗವನ್ನು ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕಡಮೆಯಾಗುವುದೆಂದು ಡೇನಿಯಲ್ ಬರ್ನೂಲಿ 1738ರಲ್ಲಿ ತೋರಿಸಿಕೊಟ್ಟನು. ಹೊರಗಡೆಯ ನೀರಿನ ಒತ್ತಡವು ಹೆಚ್ಚಾಗಿರುವುದರಿಂದ ಹಡಗುಗಳು ಒಂದರ ಕಡೆಗೊಂದು ಸೆಳೆಯಲ್ಪಡುತ್ತವೆ. ವಿದ್ಯಾರ್ಥಿಗಳು ಎರಡು ಕಾಗದದ ಹಾಳೆಗಳನ್ನು ಎರಡು ಬೆರಳಿನ ಅಂತರದಲ್ಲಿ ಇಳಿಬಿಟ್ಟು, ಅವುಗಳ ನಡುವೆ ಊದಿ ನೋಡಲಿ: ಹಾಳೆಗಳು ದೂರ ಸರಿಯುವುದಕ್ಕೆ ಬದಲು ಹತ್ತಿರ ಬರುತ್ತವೆ. ಗಂಟೆಗಟ್ಟಲೆ ಈ ಸೆಳೆತವನ್ನು ಗೆಲ್ಲುತ್ತ ಹಡಗನ್ನು ನೇರವಾಗಿ ನಡೆಸುವುದೇ ಚುಕ್ಕಾಣಿಗನ ಜಾಣ್ಮೆ.

ಎಣ್ಣೆಯ ಇನ್ನೊಂದು ಉಪಯೋಗ

ಎಣ್ಣೆಯು ಹಡಗನ್ನು ನಡೆಸುವುದಷ್ಟೇ ಅಲ್ಲ, ನೆಟ್ಟಗೆ ನಿಲ್ಲಿಸುತ್ತದೆ ಕೂಡ. ಎಣ್ಣೆಯ ತೊಟ್ಟಿಗಳು ತಳದಲ್ಲಿರುವುದರಿಂದ ಅವು ತುಂಬಿದ್ದಾಗ ಹಡಗಿನ ಗುರುತ್ವಕೇಂದ್ರವು ಕೆಳಗಿರುತ್ತದೆ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕವು ಹೆಚ್ಚು ಮುಳುಗಿ, ನೀರಿನ ಮೇಲ್ತಳ್ಳಿಕೆಯ ಕೇಂದ್ರವು ಅತ್ತ ಸರಿಯುತ್ತದೆ. ಅಲ್ಲಿ ನೀರು ಮೇಲಕ್ಕೆ ತಳ್ಳುತ್ತದೆ. ಇತ್ತ ಹಡಗಿನ ಭಾರವು ಕೆಳಕ್ಕೆ ಎಳೆಯುತ್ತದೆ. ಈ ಎರಡು ಬಲಗಳು ಸೇರಿ ಹಡಗನ್ನು ಮತ್ತೆ ನೆಟ್ಟಗೆ ಮಾಡುತ್ತವೆ. ತೊಟ್ಟಿಗಳು ಬರಿದಾದರೆ ಗುರುತ್ವಕೇಂದ್ರವು ಮೇಲೇರಿ ಆ ನೆಟ್ಟಗೆ ಮಾಡುವ ಶಕ್ತಿ ಕುಗ್ಗುತ್ತದೆ. ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿಯು ಸಣ್ಣ ಹಳ್ಳದಲ್ಲಿಯೇ ಮಗುಚುವುದಿಲ್ಲವೆ? ಇದಕ್ಕೆ ಪರಿಹಾರವೆಂದರೆ ಬರಿದಾದ ತೊಟ್ಟಿಗಳಿಗೆ ಸಮುದ್ರದ ನೀರನ್ನೇ ನಿಲುಭಾರವಾಗಿ ತುಂಬುವುದು.

1944ರ ಡಿಸೆಂಬರ್ 17ರಂದು ಅಡ್ಮಿರಲ್ ಹಾಲ್ಸಿಯ ಮೂರನೆಯ ನೌಕಾದಳವು ಫಿಲಿಪ್ಪೈನ್ಸಿನ ಪೂರ್ವಕ್ಕೆ ತೈಲನೌಕೆಗಳನ್ನು ಸಂಧಿಸಿತು. ಅಲೆಗಳ ಹೊಡೆತಕ್ಕೆ ಕೊಳವೆಗಳು ಕಿತ್ತುಹೋದುದರಿಂದ ಎಣ್ಣೆ ತುಂಬುವ ಕೆಲಸವನ್ನು ನಿಲ್ಲಿಸಬೇಕಾಯಿತು. ಸ್ಪೆನ್ಸ್ ಎಂಬ ಡಿಸ್ಟ್ರಾಯರಿನಲ್ಲಿ ಉಳಿದಿದ್ದುದು ತೊಟ್ಟಿಗಳ ಸುಮಾರು ಶೇಕಡ 15ರಷ್ಟು ಎಣ್ಣೆ ಮಾತ್ರ. ನಿಲುಭಾರದ ನೀರನ್ನು ತುಂಬಿದರೆ ಎಣ್ಣೆ ಪಡೆಯುವ ಮೊದಲು ಅದನ್ನೆಲ್ಲ ಹೊರಹಾಕಬೇಕಾಗುವುದು. ನಾಳೆ ಎಣ್ಣೆ ಸಿಕ್ಕೀತೆಂಬ ಆಸೆಯಲ್ಲಿ ನೀರು ತುಂಬುವುದು ತಡವಾಯಿತು.

ಮರುದಿನ ಇಡೀ ದಳವು ಚಂಡಮಾರುತದ ಬಾಯಿಗೆ ಬಿದ್ದಿತು. ಡ್ಯೂಯಿ ಎಂಬ ಹಡಗು 75 ಡಿಗ್ರಿಗಳವರೆಗೆ ವಾಲಿಯೂ ಹೇಗೋ ಮೇಲೆದ್ದಿತು. ಸ್ಪೆನ್ಸ್, ಹಲ್ ಮತ್ತು ಮೊನಾಹನ್ ಎಂಬ ಮೂರು ಡಿಸ್ಟ್ರಾಯರುಗಳು ಮೇಲೇಳಲಿಲ್ಲ. ಹಲ್ ಮತ್ತು ಮೊನಾಹನ್‌ಗಳಲ್ಲಿ ಸ್ಪೆನ್ಸಿಗಿಂತ ಹೆಚ್ಚು ಎಣ್ಣೆಯಿದ್ದಿತು. ಆದರೆ ಯುದ್ಧಕಾಲದಲ್ಲಿ ಮೇಲ್ಭಾಗಕ್ಕೆ ಹೊಸ ಸಲಕರಣೆಗಳನ್ನು ಜೋಡಿಸುತ್ತ ಹೋದುದರಿಂದ ಆ ಹಳೆಯ ಹಡಗುಗಳಿಗೆ ತಲೆಭಾರ ಹೆಚ್ಚಾಗಿದ್ದಿತು. ಆ ದಿನ ನೌಕಾದಳವು ಕಳೆದುಕೊಂಡ ಜನರ ಸಂಖ್ಯೆ ಸುಮಾರು 790. ಅವರಲ್ಲಿ ಒಬ್ಬನನ್ನೂ ಶತ್ರುವಿನ ಗುಂಡು ಕೊಲ್ಲಲಿಲ್ಲ.

ಈ ದುರಂತದ ವಿಚಾರಣೆ ನಡೆದುದೂ ತೇಲುವ ನೆಲೆಯಲ್ಲಿಯೇ, ಉಲಿಥಿಯಲ್ಲಿ ಲಂಗರು ಹಾಕಿದ್ದ ಕ್ಯಾಸ್ಕೇಡ್ ಎಂಬ ಸೇವಾನೌಕೆಯ ಮೇಲೆ. ಹಾಲ್ಸಿಯ ನಿರ್ಣಯದಲ್ಲಿ ದೋಷಗಳಿದ್ದುವೆಂದು ನ್ಯಾಯಮಂಡಲಿಯು ಅಭಿಪ್ರಾಯಪಟ್ಟಿತು. 1945ರ ಫೆಬ್ರುವರಿಯಲ್ಲಿ ನಿಮಿಟ್ಜ್ ಎಲ್ಲ ಹಡಗುಗಳಿಗೂ ಒಂದು ಪತ್ರವನ್ನು ಕಳುಹಿಸಿದನು. ಹಡಗಿನ ರಕ್ಷಣೆಗೆ ಬೇಕಾದುದನ್ನು ಮಾಡಲು ಶಕ್ತಿಯಿರುವಾಗಲೇ ಮಾಡಬೇಕು, ಮೇಲಿನವರ ಅಪ್ಪಣೆಗಾಗಿ ಕಾಯುತ್ತ ಕುಳಿತಿರಬಾರದು ಎಂಬುದು ಅದರ ಸಾರ.

ಉಳಿದುಹೋದ ಋಣ

ಬಂದರಿನಲ್ಲಿಯೂ ಅಪಾಯವಿಲ್ಲದಿರಲಿಲ್ಲ. ಒಂದೆಡೆ ಅಷ್ಟು ಎಣ್ಣೆಯನ್ನು ಕೂಡಿಹಾಕಿದರೆ ಅದು ಶತ್ರುವನ್ನು ಕರೆಯದೆ ಬಿಡುವುದೆ? ಚಂಡಮಾರುತಕ್ಕೂ ಮೊದಲು, 1944ರ ನವೆಂಬರ್ 20ರ ಬೆಳಗ್ಗೆ, ಜಪಾನಿನ ಜಲಾಂತರ್ಗಾಮಿಗಳು ಬಿಟ್ಟ ಕೈಟೆನ್ ಎಂಬ ಟಾರ್ಪೆಡೊಗಳಲ್ಲೊಂದು ಉಲಿಥಿಯ ಕೊಳದೊಳಕ್ಕೆ ನುಸುಳಿ ಮಿಸಿಸಿನೆವಾ ಎಂಬ ತೈಲನೌಕೆಗೆ ಬಡಿದಿತ್ತು. ಕೈಟೆನ್ ಎಂದರೆ ಒಳಗೆ ಮನುಷ್ಯನೇ ಕುಳಿತು ನಡೆಸುವ ಟಾರ್ಪೆಡೊ. ಅವನು ಹಿಂದಿರುಗುವ ಮಾತಿಲ್ಲ. ಹಡಗಿನವರಲ್ಲಿ 63 ಮಂದಿ ಸತ್ತರು. ಹಡಗು ಹೊತ್ತಿ ಉರಿದು ಮುಳುಗಿತು.

ಆದರೂ ನೆಲೆಯು ಬೆಳೆಯುತ್ತಲೇ ಹೋಯಿತು. 1945ರ ಮಾರ್ಚ್ ತಿಂಗಳಲ್ಲಿ, ಒಕಿನಾವಾದ ಆಕ್ರಮಣಕ್ಕೆ ಮುಂಚೆ, 600ಕ್ಕೂ ಹೆಚ್ಚು ಹಡಗುಗಳು ಅಲ್ಲಿ ಲಂಗರು ಹಾಕಿದ್ದುವು. ಮುಂದೆ ಯುದ್ಧವು ಸರಿದಂತೆ ನೆಲೆಯೂ ಲಂಗರುಗಳನ್ನೆತ್ತಿ ಫಿಲಿಪ್ಪೈನ್ಸಿನ ಲೆಯ್ಟೆ ಕೊಲ್ಲಿಗೆ ಸರಿಯಿತು. ಯುದ್ಧಕಾಲದಲ್ಲಿ ನಾವಿಕರ ವಿಹಾರಕ್ಕಾಗಿ ಮೊಗ್‌ಮೊಗ್ ದ್ವೀಪವನ್ನು ತೆರವು ಮಾಡಿಕೊಟ್ಟು ನೆರೆಯ ಫಸ್ಸರಾಯ್ ದ್ವೀಪದಲ್ಲಿದ್ದ ಜನರಿಗೆ ಅವರ ಕೊಳವು ಮರಳಿ ದೊರೆಯಿತು.

ಹಡಗುಗಳಿಂದ ಸೈನ್ಯವನ್ನು ಪೋಷಿಸುವ ಈ ವಿದ್ಯೆ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ಅಮೆರಿಕದ ನೌಕಾಪಡೆಗೆ ದೊರೆತ ಮಾಂಟ್‌ಫರ್ಡ್ ಪಾಯಿಂಟ್ ಎಂಬ ಹಡಗು ದುರಸ್ತಿಕಟ್ಟೆಯಂತೆಯೇ ನೀರನ್ನು ಕುಡಿದು ತಗ್ಗಿ, ಸೈನ್ಯವನ್ನು ದಡಕ್ಕೆ ಸಾಗಿಸುವ ದೋಣಿಗಳನ್ನು ತನ್ನ ಮೇಲಕ್ಕೆ ಬರಮಾಡಿಕೊಳ್ಳುವಂತೆ ರಚಿತವಾದುದು. ನಮ್ಮ ದೇಶದ ನೌಕಾಪಡೆಯಲ್ಲಿಯೂ 2011ರಲ್ಲಿ ಸೇರಿದ ದೀಪಕ್ ಮತ್ತು ಶಕ್ತಿ ಎಂಬ ತೈಲನೌಕೆಗಳು ಓಡುತ್ತಲೇ ಎಣ್ಣೆ ಕೊಡುವ ಕೆಲಸಕ್ಕಾಗಿ ನಿರ್ಮಿತವಾದುವು. ಇದೇ ಸಾಮರ್ಥ್ಯವು ಆರ್ತರ ಸೇವೆಗೂ ಒದಗುತ್ತದೆ. 2004ರ ಡಿಸೆಂಬರಿನ ಸುನಾಮಿಯಲ್ಲಿ ಇಂಡೋನೇಷ್ಯದ ದಡದ ಬಂದರುಗಳು ಹಾಳಾಗಿದ್ದಾಗ ಸಮುದ್ರದಲ್ಲಿ ನಿಂತ ಹಡಗುಗಳಿಂದಲೇ ನೀರೂ ಔಷಧವೂ ದಡವನ್ನು ಸೇರಿದುವು. ಸಮುದ್ರವನ್ನು ಅಳೆಯುವ ನಮ್ಮ ನಿರೂಪಕ್ ನೌಕೆಯೂ ಆಸ್ಪತ್ರೆಯಾಗಿ ಮಾರ್ಪಟ್ಟು ಅಲ್ಲಿಗೆ ತೆರಳಿತು.

ತೇಲುವ ನೆಲೆಯು ಗುರುತೂ ಉಳಿಯದಂತೆ ಹೊರಟುಹೋಗಬಲ್ಲುದೆಂದು ನಾವು ಭಾವಿಸಬಹುದು. ಉಲಿಥಿಯ ಅನುಭವ ಬೇರೆ. 57 ವರ್ಷಗಳ ತರುವಾಯ, 2001ರಲ್ಲಿ, ಚಂಡಮಾರುತವೊಂದು ಹಾದುಹೋದಮೇಲೆ, ತಳದಲ್ಲಿ ಬಿದ್ದಿದ್ದ ಮಿಸಿಸಿನೆವಾದ ತುಕ್ಕು ಹಿಡಿದ ತೊಟ್ಟಿಗಳಿಂದ ಎಣ್ಣೆಯು ಸೋರತೊಡಗಿತು. ಆ ಕೊಳದ ಮೀನನ್ನೇ ನಂಬಿದ ದ್ವೀಪದ ಜನರು ಕಳವಳಗೊಂಡರು. 2003ರಲ್ಲಿ ಅಮೆರಿಕದ ನೌಕಾಪಡೆಯ ಮುಳುಗುಗಾರರು ಬಂದು ಸುಮಾರು 18 ಲಕ್ಷ ಗ್ಯಾಲನ್ ಎಣ್ಣೆಯನ್ನು ಮೇಲಕ್ಕೆ ಸೇದಿ ತೆಗೆದರು. ತೇಲುವ ನೆಲೆಯ ಲೆಕ್ಕಪತ್ರವು ಪೂರ್ತಿಯಾಗಬೇಕಾದರೆ ಅದರಲ್ಲಿ ಈ ಬಾಬ್ತನ್ನೂ ಬರೆಯಬೇಕು.