ಪುಸ್ತಕ ಇದೆ, ನಂಬರು ಎಲ್ಲಿ?

ಆಸೆಪಟ್ಟು ಕೊಂಡುತಂದ ನಾಯಿಮರಿ ಆಡುತ್ತ ಆಡುತ್ತ ಮಗುವಿನ ಕೈಗೆ ಹಲ್ಲು ತಾಗಿಸಿಬಿಡುತ್ತದೆ. ತಂದೆ-ತಾಯಿ ಗಾಬರಿಯಿಂದ ಮಗುವನ್ನು ಎತ್ತಿಕೊಂಡು ವೈದ್ಯರ ಬಳಿಗೆ ಬರುತ್ತಾರೆ. ‘ಮರಿಗೆ ಲಸಿಕೆ ಹಾಕಿಸಿದ್ದೀರಾ?’ ಎಂದು ಕೇಳಿದರೆ, ‘ಎಲ್ಲಾ ಆಗಿದೆಯಂತೆ ಡಾಕ್ಟರೇ, ಮಾರಿದವರು ಪುಸ್ತಕ ಕೊಟ್ಟಿದ್ದಾರೆ’ ಎನ್ನುತ್ತ ಸಣ್ಣದೊಂದು ಪುಸ್ತಕವನ್ನು ಮೇಜಿನ ಮೇಲಿಡುತ್ತಾರೆ.

ಇಂಥ ಪುಸ್ತಕಗಳನ್ನು ನಾನು ಎಷ್ಟೋ ನೋಡಿದ್ದೇನೆ. ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ ಇರುತ್ತದೆ, ತಾರೀಖು ಇರುತ್ತದೆ, ಒಂದು ಸಹಿಯೂ ಇರುತ್ತದೆ. ನಾಯಿಯ ವಿವರ ಬರೆಯುವ ಜಾಗದಲ್ಲಿ ‘ಲ್ಯಾಬ್ರಡಾರ್, ಗಂಡು, ಕಂದು ಬಣ್ಣ’ ಎಂದಿರುತ್ತದೆ. ಒಂದೇ ಸೂಲಿನಲ್ಲಿ ಹುಟ್ಟಿದ ಏಳೆಂಟು ಮರಿಗಳಲ್ಲಿ ನಾಲ್ಕು ಗಂಡು, ನಾಲ್ಕೂ ಕಂದು. ಹಾಗಾದರೆ ಈ ಪುಸ್ತಕ ಯಾವ ಮರಿಯದು? ಕಚ್ಚಿದ ಮರಿಯದೋ, ಪಕ್ಕದ ಬೀದಿಯವರು ಕೊಂಡ ಅದರ ಅಣ್ಣನದೋ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಒಂದೇ: ಮರಿಯ ಚರ್ಮದಡಿಯಲ್ಲಿರಬೇಕಾದ ಮೈಕ್ರೋಚಿಪ್ ಮತ್ತು ಅದರ 15 ಅಂಕಿಗಳ ನಂಬರು.

ಚಿಪ್ ಎಂದರೆ ಶ್ರೀಮಂತರ ಶೋಕಿ, ವಿದೇಶದವರ ಪದ್ಧತಿ ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ನಮ್ಮ ದೇಶದಲ್ಲಿಯೇ ಇದಕ್ಕೆ ಕಾನೂನಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಅದರಂತೆ ಮರಿ ಹಾಕಿಸಿ ಮಾರುವವರು, ಅಂದರೆ ಬ್ರೀಡರ್‌ಗಳು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ದೊಡ್ಡ ಕೆನಲ್ ನಡೆಸುವವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಮನೆಯ ಹಿತ್ತಲಲ್ಲಿ ಜಾತಿನಾಯಿ ಸಾಕಿ ಮರಿ ಮಾರುವ ವ್ಯಕ್ತಿಯೂ, ನಡುವೆ ನಿಂತು ಕೊಡಿಸುವ ದಲ್ಲಾಳಿಯೂ ಇದರೊಳಗೇ ಬರುತ್ತಾರೆ.

ಈ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವ ಮುಂಚೆ ಮರಿಗೆ ಚಿಪ್ ಹಾಕಿಸಿರಬೇಕು, ವಯಸ್ಸಿಗೆ ತಕ್ಕ ಲಸಿಕೆ ಆಗಿರಬೇಕು, ಅದರ ಆರೋಗ್ಯದ ದಾಖಲೆಯನ್ನು ಕೊಳ್ಳುವವರ ಕೈಗೆ ಕೊಡಬೇಕು, ರಸೀದಿಯನ್ನೂ ಕೊಡಬೇಕು. ಬೀದಿಬದಿಯಲ್ಲಿ, ಸಂತೆಯಲ್ಲಿ ಮರಿಗಳನ್ನು ಪ್ರದರ್ಶನಕ್ಕಿಟ್ಟು ಅಲ್ಲೇ ಮಾರುವುದು ನಿಷಿದ್ಧ. ಭಾನುವಾರ ಬೆಳಿಗ್ಗೆ ರಸ್ತೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳನ್ನು ಇಟ್ಟುಕೊಂಡು ನಿಲ್ಲುವವರನ್ನು ನೀವೂ ನೋಡಿರಬಹುದು!

ಸಾಕುಪ್ರಾಣಿಗಳ ಅಂಗಡಿಗಳಿಗೆ 2018ರಲ್ಲಿ ಬೇರೆ ನಿಯಮಗಳು ಬಂದವು. ನಾಯಿಯ ಜೊತೆಗೆ ಬೆಕ್ಕು, ಮೊಲ, ಗಿನಿಹಂದಿ, ಪಂಜರದ ಪಕ್ಷಿಗಳೂ ಇದರಲ್ಲಿ ಸೇರಿವೆ. ಅಂಗಡಿಯವರು ಅದೇ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಬಂದ ಮತ್ತು ಹೋದ ಪ್ರಾಣಿಗಳ ಲೆಕ್ಕ ಇಡಬೇಕು. ಚಿಪ್ ಹಾಕಿಯೇ ಮಾರಬೇಕೆಂದು 2017ರ ನಿಯಮ ಕಟ್ಟುಮಾಡಿರುವುದು ನಾಯಿಗೆ. ಇಂಗ್ಲೆಂಡಿನಲ್ಲಿ 2016ರಿಂದ ಸಾಕುನಾಯಿಗೂ, 2024ರ ಜೂನ್‌ನಿಂದ ಸಾಕುಬೆಕ್ಕಿಗೂ, ಮಾರಲಿ ಬಿಡಲಿ, ಚಿಪ್ ಕಡ್ಡಾಯವಾಗಿದೆ.

ನಗರಪಾಲಿಕೆಯಿಂದ ಪಡೆಯುವ ನಾಯಿ ಲೈಸೆನ್ಸು ಬೇರೆ, ಇದು ಬೇರೆ. ಲೈಸೆನ್ಸು ಸಾಕುವವರದು, ನೋಂದಣಿ ಮಾರುವವರದು. ಒಂದಿದ್ದರೆ ಇನ್ನೊಂದು ಬೇಡ ಎಂದಾಗುವುದಿಲ್ಲ.

ಕಾನೂನಿನ ಈ ಮಾತುಗಳನ್ನು ವೈದ್ಯನಾದ ನಾನು ಏಕೆ ಹೇಳುತ್ತಿದ್ದೇನೆ? ಇವುಗಳಲ್ಲಿ ಹೆಚ್ಚಿನವು ನಿಮ್ಮ ಮನೆಯ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದವು. ಎಂಟು ವಾರದ ಮಾತನ್ನೇ ತೆಗೆದುಕೊಳ್ಳಿ. ಮರಿಗಳು ತಾಯಿಯ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತವೆ. ನಾಲ್ಕನೆಯ ವಾರದಲ್ಲೇ ತಾಯಿಯಿಂದ ಕಿತ್ತು ತಂದ ಮರಿಗೆ ಈ ಪಾಠ ಆಗಿರುವುದಿಲ್ಲ; ಹಲ್ಲು ಮಾತ್ರ ಸೂಜಿಯಂತೆ ಬಂದಿರುತ್ತದೆ. ಅದರ ಆಟದ ಸಾಮಾನು ಯಾವುದು? ನಿಮ್ಮ ಮಗುವಿನ ಬೆರಳು. ಇದಲ್ಲದೆ, ಇಷ್ಟು ಎಳೆಯ ಮರಿಗಳಲ್ಲಿ ಜಂತುಹುಳುಗಳು ಹೇರಳ. ಮರಿಯ ಮಲದಲ್ಲಿ ಹೊರಬೀಳುವ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಲಿತು, ಕೈಯಿಂದ ಬಾಯಿಗೆ ಹೋಗಿ ಚಿಕ್ಕ ಮಕ್ಕಳ ಪಿತ್ತಜನಕಾಂಗಕ್ಕೆ, ಶ್ವಾಸಕೋಶಕ್ಕೆ, ಅಪರೂಪಕ್ಕೆ ಕಣ್ಣಿಗೂ ತೊಂದರೆ ಮಾಡುತ್ತವೆ. ಮರಿಗೆ ಜಂತಿನ ಔಷಧಿ ಯಾವಾಗ ಕೊಟ್ಟಿದ್ದಾರೆ ಎಂದು ದಾಖಲೆಯಲ್ಲಿ ನೋಡಿ ಎನ್ನುವುದು ಇದಕ್ಕಾಗಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ರೇಬೀಸ್, ನಮ್ಮ ಜನ ಹುಚ್ಚುನಾಯಿ ರೋಗ ಎನ್ನುವುದು. ಇದರ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಬದುಕುವುದು ಇಲ್ಲವೆಂದೇ ಹೇಳಬೇಕು. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರಿಗೆ ಬರುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು.

ನಾಯಿಗೆ ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಅದಕ್ಕಿಂತ ಮೊದಲು ಹಾಕಿದರೆ, ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ಲಸಿಕೆಯ ಕೆಲಸಕ್ಕೆ ಅಡ್ಡ ಬರಬಹುದು. ಆರರಿಂದ ಎಂಟು ವಾರಕ್ಕೆ ಹಾಕುವ ಮೊದಲ ಚುಚ್ಚುಮದ್ದು ಡಿಸ್ಟೆಂಪರ್, ಪಾರ್ವೋ ಮೊದಲಾದ ನಾಯಿಯ ರೋಗಗಳದು. ಅದು ರೇಬೀಸ್ ಲಸಿಕೆಯಲ್ಲ. ಆದ್ದರಿಂದ ಕಾನೂನನ್ನು ಅಕ್ಷರಶಃ ಪಾಲಿಸಿ ಎರಡು ತಿಂಗಳ ಮರಿಯನ್ನು ಮಾರಿದರೂ ಅದಕ್ಕೆ ರೇಬೀಸಿನಿಂದ ರಕ್ಷಣೆ ಇನ್ನೂ ಸಿಕ್ಕಿರುವುದಿಲ್ಲ. ಉಳಿದ ತಿಂಗಳು ಅದನ್ನು ಬೀದಿನಾಯಿಗಳ ಜೊತೆ ಸೇರಲು ಬಿಡದೆ ಕಾಯುವುದು, ಮೂರು ತಿಂಗಳಿಗೆ ಸರಿಯಾಗಿ ಪಶುವೈದ್ಯರಲ್ಲಿಗೆ ಒಯ್ಯುವುದು ನಿಮ್ಮ ಜವಾಬ್ದಾರಿ. ಒಂದೂವರೆ ತಿಂಗಳ ಮರಿಯ ಪುಸ್ತಕದಲ್ಲಿ ‘ರೇಬೀಸ್ ಲಸಿಕೆ ಹಾಕಿದೆ’ ಎಂದು ಬರೆದಿದ್ದರೆ ಮಾರುವವರ ಜಾಗರೂಕತೆಯನ್ನು ಮೆಚ್ಚಿಕೊಳ್ಳಬೇಡಿ, ಅನುಮಾನಪಡಿ.

ಈಗ ಚಿಪ್‌ನ ವಿಷಯ. ಅಕ್ಕಿಕಾಳಿನಷ್ಟು ಗಾತ್ರದ, ಗಾಜಿನ ಕವಚದೊಳಗಿನ ವಸ್ತು ಅದು. ಸಾಮಾನ್ಯವಾಗಿ 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಸ್ವಲ್ಪ ದಪ್ಪನೆಯ ಸೂಜಿಯಿಂದ ಪಶುವೈದ್ಯರು ಎರಡು ಹೆಗಲುಗಳ ನಡುವಿನ ಚರ್ಮದಡಿ ಇಡುತ್ತಾರೆ. ಅರಿವಳಿಕೆ ಬೇಡ, ಚುಚ್ಚುಮದ್ದಿನಷ್ಟೇ ನೋವು. ಒಳಗೆ ಬ್ಯಾಟರಿ ಇಲ್ಲ, ಆದ್ದರಿಂದ ಮುಗಿದುಹೋಗುವ ಪ್ರಶ್ನೆಯಿಲ್ಲ. ರೀಡರ್ ಎಂಬ ಕೈಯಲ್ಲಿ ಹಿಡಿಯುವ ಸಾಧನವನ್ನು ಹತ್ತಿರ ತಂದಾಗ ಅದರ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ತಿಳಿಸುತ್ತದೆ. ಕೆಲವು ಚಿಪ್‌ಗಳ ನಂಬರು ದೇಶದ ಸಂಕೇತದಿಂದ ಆರಂಭವಾಗುತ್ತದೆ, ಭಾರತದ್ದು 356. ಇನ್ನು ಕೆಲವು ತಯಾರಕರ ಸಂಕೇತದಿಂದ, 9ರಿಂದ, ಆರಂಭವಾಗುತ್ತವೆ.

‘ನಾಯಿ ಕಳೆದುಹೋದರೆ ಎಲ್ಲಿದೆ ಎಂದು ಮೊಬೈಲಿನಲ್ಲಿ ಕಾಣುತ್ತದಂತಲ್ಲ?’ ಎಂದು ಕೇಳುವವರಿದ್ದಾರೆ. ಕಾಣುವುದಿಲ್ಲ. ಚಿಪ್ ಹೇಳುವುದು ನಂಬರನ್ನು ಮಾತ್ರ. ಆದರೆ ಅದೇ ನಂಬರು ಪುಸ್ತಕದಲ್ಲಿ, ರಸೀದಿಯಲ್ಲಿ, ಲಸಿಕೆಯ ಪ್ರಮಾಣಪತ್ರದಲ್ಲಿ ಬರೆದಿದ್ದರೆ, ಆ ಕಾಗದ ನಿಮ್ಮ ನಾಯಿಯದು ಎಂದು ತೋರಿಸಬಹುದು. ಅದಿಲ್ಲದ ಪುಸ್ತಕ ಯಾವ ಕಂದು ನಾಯಿಗಾದರೂ ಸಲ್ಲುತ್ತದೆ.

ಆದ್ದರಿಂದ ಮರಿ ಕೊಳ್ಳಲು ಹೋದಾಗ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ತಾಯಿನಾಯಿಯನ್ನು ನೋಡಬೇಕೆನ್ನಿ. ತಾಯಿ ಇಲ್ಲ, ಬೇರೆ ಊರಿನಿಂದ ತರಿಸಿದ್ದು ಎಂದರೆ ಮರಿಯ ನಿಜವಾದ ವಯಸ್ಸು ತಿಳಿಯುವ ದಾರಿ ಕಡಿಮೆ. ಪಶುವೈದ್ಯರ ಬಳಿ ರೀಡರ್ ಹಿಡಿಸಿ, ತೆರೆಯ ಮೇಲೆ ಬಂದ ಅಂಕಿಗಳನ್ನು ಪುಸ್ತಕದ ಅಂಕಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಿ. ಕೇಳಲು ಸಂಕೋಚವೇಕೆ? ಹತ್ತಿಪ್ಪತ್ತು ಸಾವಿರ ಕೊಟ್ಟು ಫ್ರಿಜ್ ಕೊಳ್ಳುವಾಗ ಗ್ಯಾರಂಟಿ ಕಾರ್ಡಿನ ನಂಬರನ್ನು ನೋಡುವುದಿಲ್ಲವೇ? ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯಾದರೂ ಸರಿ, ಪರದೇಶದ ತಳಿಯಾದರೂ ಸರಿ, ಕೇಳಬೇಕಾದ್ದು ಇದೇ.

ಎಲ್ಲರೂ ಇದನ್ನು ಪಾಲಿಸುತ್ತಿದ್ದಾರೆಯೇ ಎಂದರೆ, ಇಲ್ಲ. ಮೂಲ ಕಾಯಿದೆಯಲ್ಲಿ ಪ್ರಾಣಿಹಿಂಸೆಯ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ದೊಡ್ಡ ಮೊತ್ತವಾಗಿದ್ದಿರಬಹುದು. ಇಂದು ಎರಡು ಕಾಫಿಗೂ ಸಾಲದು. ನೋಂದಣಿ ರದ್ದುಪಡಿಸುವ ಅಧಿಕಾರ ಮಂಡಳಿಗಿದೆ ನಿಜ, ಆದರೆ ನೋಂದಣಿಯನ್ನೇ ಮಾಡಿಸದವರಿಗೆ ಅದರ ಭಯವೇನು? ಸದ್ಯಕ್ಕೆ ಇವರಿಗೆ ಅರ್ಥವಾಗುವ ಭಾಷೆ, ಚಿಪ್ ಇಲ್ಲದ ಮರಿ ನಮಗೆ ಬೇಡ ಎಂದು ಗಿರಾಕಿ ಎದ್ದು ಹೊರಡುವುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಮರಿಗೆ ಚಿಪ್ ಇದೆ, ನಂಬರು ತಾಳೆಯಾಯಿತು, ಲಸಿಕೆಯೂ ಆಗಿದೆ ಎಂದುಕೊಂಡು ಕಚ್ಚಿದ ಗಾಯವನ್ನು ಅಲಕ್ಷ್ಯ ಮಾಡಬೇಡಿ. ಕಚ್ಚಿದ ಕೂಡಲೇ ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಮೆತ್ತಬೇಡಿ. ಅದೇ ದಿನ ವೈದ್ಯರನ್ನು ಕಾಣಿರಿ. ರಕ್ತ ಬಾರದ ಸಣ್ಣ ಗೀರಾದರೂ ಲಸಿಕೆ ಬೇಕು. ಚರ್ಮ ಹರಿದು ಗಾಯವಾಗಿದ್ದರೆ ಅಥವಾ ಹಳೆಯ ಗಾಯವನ್ನು ನಾಯಿ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಸುತ್ತ ಕೊಡಬೇಕಾಗುತ್ತದೆ. ಬೆಕ್ಕು ಪರಚಿದರೂ ಇದೇ ಕ್ರಮ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂದು ಅಜ್ಜ-ಅಜ್ಜಿಯರು ಹೆದರಿಸಿದರೆ ಅಂಜಬೇಡಿ, ಆ ಹಳೆಯ ಲಸಿಕೆ ನಮ್ಮಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ಈಗ ತೋಳಿನ ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಮೊದಲ ದಿನ ಒಂದು, ಅಲ್ಲಿಂದ 3, 7, 14 ಮತ್ತು 28ನೆಯ ದಿನ ಒಂದೊಂದು. ಚರ್ಮದ ಪದರಕ್ಕೆ ಕೊಡುವ ಕ್ರಮದಲ್ಲಿ 14ನೆಯ ದಿನದ್ದು ಇರುವುದಿಲ್ಲ. ಕಚ್ಚಿದ ನಾಯಿ ಅಥವಾ ಬೆಕ್ಕಿನ ಮೇಲೆ ಹತ್ತು ದಿನ ಕಣ್ಣಿಡಬೇಕು. ಹತ್ತು ದಿನವೂ ಅದು ಆರೋಗ್ಯವಾಗಿಯೇ ಇದ್ದರೆ ಮುಂದಿನ ಡೋಸುಗಳ ವಿಷಯ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಚುಚ್ಚುಮದ್ದು ಆರಂಭಿಸೋಣ ಎಂದು ಕಾಯುವುದು ಸಲ್ಲದು.

ಮನೆಯಲ್ಲಿ ಈಗಾಗಲೇ ನಾಯಿಯೋ ಬೆಕ್ಕೋ ಇದ್ದು ಚಿಪ್ ಇಲ್ಲದಿದ್ದರೆ, ಯಾವ ವಯಸ್ಸಿನಲ್ಲಾದರೂ ಹಾಕಿಸಬಹುದು. ಮಗ ಅಥವಾ ಮಗಳು ಹೊರದೇಶದಲ್ಲಿದ್ದು, ಪ್ರಾಣಿಯನ್ನು ಕರೆದೊಯ್ಯುವ ಯೋಚನೆ ಇದ್ದರೆ ಕ್ರಮ ತಪ್ಪಬಾರದು: ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗೆ ಮೊದಲು ಹಾಕಿಸಿದ ಲಸಿಕೆಯನ್ನು ಯುರೋಪಿನ ದೇಶಗಳು ಒಪ್ಪುವುದಿಲ್ಲ. ಭಾರತದಿಂದ ಅಲ್ಲಿಗೆ ಒಯ್ಯಲು ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ಅಲ್ಲಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಅಮೆರಿಕವೂ 2024ರ ಆಗಸ್ಟ್‌ನಿಂದ ಚಿಪ್ ಇಲ್ಲದ ನಾಯಿಯನ್ನು ಒಳಗೆ ಬಿಡುತ್ತಿಲ್ಲ. ಟಿಕೆಟ್ ತೆಗೆಸಿದ ಮೇಲೆ ನೆನಪಾದರೆ ನಾಯಿ ಇಲ್ಲೇ ಉಳಿಯಬೇಕಾಗುತ್ತದೆ.

ಕೊಂಡ ಮರಿಗೆ ಚಿಪ್ ಇದ್ದರೂ ಒಂದು ಕೆಲಸ ಬಾಕಿ ಇರುತ್ತದೆ. ಚಿಪ್‌ನ ನಂಬರಿನ ಮುಂದೆ ಮಾರಿದವರ ಹೆಸರು, ಅವರ ದೂರವಾಣಿ ಸಂಖ್ಯೆಯೇ ನಮೂದಾಗಿರಬಹುದು. ಅದನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಡುವಂತೆ ಮರಿ ತಂದ ವಾರದಲ್ಲೇ ಪಶುವೈದ್ಯರನ್ನು ಕೇಳಿ. ಮನೆ ಅಥವಾ ಫೋನ್ ನಂಬರು ಬದಲಾದಾಗಲೂ ಮರೆಯದೆ ತಿದ್ದಿಸಿ.