ಷಿರ್ಮಾಕರ್ ಮಣ್ಣಿನ ಜೀವಿಗೆ ಎರಡು ಹೆಸರು

ಪೂರ್ವ ಅಂಟಾರ್ಕ್ಟಿಕದ ಷಿರ್ಮಾಕರ್ ಓಯಸಿಸ್ ಸುಮಾರು 35 ಚದರ ಕಿಲೋಮೀಟರ್ ಹರಹಿನ, ಹಿಮ ಮುಚ್ಚದ ಕಲ್ಲುನೆಲ. ಭಾರತದ ‘ಮೈತ್ರಿ’ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಒಂದು ಗಿಡವೂ ಕಾಣದ ಈ ನೆಲದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಒಂದಕ್ಕೆ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಎಸ್. ಶಿವಾಜಿ ಮತ್ತು ಸಂಗಡಿಗರು 1992ರಲ್ಲಿ ‘ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಸ್’ ಎಂದು ಹೆಸರಿಟ್ಟರು.

ಹೀಗೆ ಹೆಸರಿಡುವುದು ತಾಳ್ಮೆಯ ಕೆಲಸ. ಚಿಟಿಕೆ ಮಣ್ಣನ್ನು ಶುದ್ಧ ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳುವಾಗಿಸಿ, ಅಗರ್ ತಟ್ಟೆಯ ಮೇಲೆ ಸವರುತ್ತಾರೆ. ರೋಗಾಣು ಬೆಳೆಸುವ 37 ಡಿಗ್ರಿ ಶಾಖದಲ್ಲಿಟ್ಟರೆ ಶೀತಪ್ರಿಯ ಜೀವಿಗಳು ಏಳುವುದೇ ಇಲ್ಲ. ತಣ್ಣಗಿಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಆಮೇಲೆ ಹಳದಿ, ಕಿತ್ತಳೆ, ಗುಲಾಬಿ ಚುಕ್ಕೆಗಳು ಮೂಡುತ್ತವೆ. ಒಂದು ಚುಕ್ಕೆಯನ್ನು ಎತ್ತಿ, ಬೇರೊಂದು ಬೆರೆಯದಂತೆ ಬೆಳೆಸಿಕೊಂಡ ಮೇಲೆ ವಿಚಾರಣೆ ಶುರು: ಆಕಾರ ಯಾವುದು, ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಉಪ್ಪು ತಾಳುತ್ತದೆ, ಜೀವಕೋಶದ ಪೊರೆಯಲ್ಲಿ ಯಾವ ಕೊಬ್ಬಿನಾಮ್ಲಗಳಿವೆ. ಪೊರೆಯ ಪ್ರಶ್ನೆ ಇಲ್ಲಿ ಬಹಳ ಮುಖ್ಯ. ಚಳಿಗೆ ತುಪ್ಪ ಗಟ್ಟಿಯಾಗುವಂತೆ ಪೊರೆಯೂ ಬಿಗಿದುಕೊಂಡರೆ ಜೀವಿ ಉಳಿಯದು. ಹಾಗಾಗದಂತೆ ಇವು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಿಕೊಂಡಿರುತ್ತವೆ.

ಇಂದು ಮೊದಲು ಓದುವುದು 16ಎಸ್ ಎಂಬ ಜೀನನ್ನು. ಸುಮಾರು 1,500 ಅಕ್ಷರಗಳ ಈ ಜೀನು ಹತ್ತಿರದ ಬಂಧುವಿನದರೊಂದಿಗೆ ಶೇ 98.7ಕ್ಕಿಂತ ಕಡಿಮೆ ಹೊಂದಿದರೆ ಹೊಸ ಪ್ರಭೇದವಿರಬಹುದು. ಅದಕ್ಕಿಂತ ಹೆಚ್ಚಾದರೆ ಇಡೀ ಜೀನೋಮನ್ನೇ ಹೋಲಿಸಿ ನೋಡುತ್ತಾರೆ. ಅಲ್ಲಿ ಗಡಿ ಶೇ 95–96.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಒಂದು ನಿಯಮ. ಹೆಸರಿಟ್ಟವರು ಆ ಬ್ಯಾಕ್ಟೀರಿಯಾದ ಜೀವಂತ ಮಾದರಿ ತಳಿಯನ್ನು ಬೇರೆ ಬೇರೆ ದೇಶಗಳ ಎರಡು ಸಂಗ್ರಹಾಲಯಗಳಲ್ಲಾದರೂ ಇರಿಸಬೇಕು. ಚಂಡೀಗಢದ ಎಂಟಿಸಿಸಿ ಅಂಥದ್ದೊಂದು ಸಂಗ್ರಹಾಲಯ. ಅನುಮಾನ ಬಂದ ಯಾರೇ ಆಗಲಿ ತಳಿಯನ್ನು ತರಿಸಿಕೊಂಡು ಪರೀಕ್ಷಿಸಬಹುದು. ಷಿರ್ಮಾಕರ್ ಜೀವಿಗೂ ಮರುಪರೀಕ್ಷೆ ನಡೆಯಿತು. ಅದು ಸೇರಬೇಕಾದ್ದು ಬೇರೆ ಕುಲಕ್ಕೆ ಎಂದು ಕಂಡು, 2014ರಲ್ಲಿ ಅದನ್ನು ‘ಪೆಡೋಬ್ಯಾಕ್ಟರ್ ಅಂಟಾರ್ಕ್ಟಿಕಸ್’ ಎಂದು ಮರುವರ್ಗೀಕರಿಸಲಾಯಿತು. ಇದರಿಂದ 1992ರ ಕೆಲಸದ ಬೆಲೆ ಕಡಿಮೆಯಾಗಲಿಲ್ಲ. ಅಂದು ಜೋಪಾನ ಮಾಡಿದ ತಳಿಯಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ. ಅಂಥವಕ್ಕೆ ಡಿಎನ್‌ಎ ಮಾಹಿತಿಯ ಆಧಾರದಲ್ಲೇ ಹೆಸರಿಡಲು ‘ಸೀಕ್‌ಕೋಡ್’ ಎಂಬ ನಿಯಮಾವಳಿ 2022ರಲ್ಲಿ ಬಂದಿದೆ. ಅದು ಬೇಕಾಗಿಯೂ ಇತ್ತು. ಆದರೆ 4 ಡಿಗ್ರಿ ಚಳಿಯಲ್ಲಿ ಜೀವಿ ನಿಜಕ್ಕೂ ಬೆಳೆಯುತ್ತದೆಯೇ, ಅದರ ಕಿಣ್ವ ಕೆಲಸ ಮಾಡುತ್ತದೆಯೇ ಎಂದು ನೋಡಲು ಜೀವಂತ ತಳಿಯೇ ಕೈಯಲ್ಲಿರಬೇಕು. ತಣ್ಣೀರಿನಲ್ಲೂ ಬಟ್ಟೆಯ ಕೊಳೆ ತೆಗೆಯುವ ಕಿಣ್ವಗಳನ್ನು ಹುಡುಕುವವರಿಗೂ ಇಂಥ ತಳಿಗಳು ಬೇಕು.