ದೇಹದೊಳಗಿನ ಗಡಿಯಾರ

ಊರೆಲ್ಲ ನಿದ್ರೆಯಲ್ಲಿ ಮುಳುಗಿರುವಾಗಲೂ ಆಸ್ಪತ್ರೆಯ ದೀಪ ಆರುವುದಿಲ್ಲ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಆಸ್ಪತ್ರೆಗಳಿಗೂ ಹೆರಿಗೆಯ ನೋವಿನವರು, ಹಾವು ಕಚ್ಚಿದವರು, ಹೆದ್ದಾರಿಯ ಅಪಘಾತಗಳಲ್ಲಿ ಗಾಯಗೊಂಡವರು ಹಗಲಿರುಳೆಂಬ ಭೇದವಿಲ್ಲದೆ ಬರುತ್ತಾರೆ. ಅವರ ಆರೈಕೆಗಾಗಿ ದಾದಿಯರು ಬೆಳಗು, ಮಧ್ಯಾಹ್ನ, ರಾತ್ರಿ ಪಾಳಿಗಳಲ್ಲಿ ಸರದಿಯಂತೆ ದುಡಿಯುತ್ತಾರೆ. ಹೀಗೆ ಮೇಲಿಂದ ಮೇಲೆ ಬದಲಾಗುವ ದುಡಿಮೆಯ ವೇಳೆಯು ಅವರ ದೇಹದ ಮೇಲೆ ಎಂತಹ ಪರಿಣಾಮವನ್ನು ಉಂಟುಮಾಡುತ್ತದೆ?

ಮುಟ್ಟಿದರೆ ಮುನಿ ಗಿಡದ ಎಲೆಗಳು ಹಗಲಿನಲ್ಲಿ ಬಿಚ್ಚಿ ಇರುಳಿನಲ್ಲಿ ಮುಚ್ಚುವುದನ್ನು ನೀವು ಕಂಡಿರಬಹುದು. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ಡಿ ಮೈರಾನ್ ಅಂತಹ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದನು. ಬಿಸಿಲು ಸೋಕದಿದ್ದರೂ ಎಲೆಗಳು ಹಗಲಿನ ವೇಳೆಗೆ ಬಿಚ್ಚಿಕೊಂಡವು! ಜೀವಿಗಳೊಳಗೆ ಒಂದು ಗಡಿಯಾರವಿದೆಯೆಂಬುದಕ್ಕೆ ಇದು ಸುಳಿವಾಯಿತು. ಮನುಷ್ಯನಲ್ಲಿ ಈ ಗಡಿಯಾರವು ಮಿದುಳಿನ ತಳಭಾಗದ ಪುಟ್ಟ ಜೀವಕೋಶಗುಚ್ಛವೊಂದರಲ್ಲಿದೆ. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಅದು ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಇಂತಹ ಗಡಿಯಾರದ ಒಳಯಂತ್ರವನ್ನು ಹಣ್ಣುನೊಣಗಳಲ್ಲಿ ಶೋಧಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕತ್ತಲಾದೊಡನೆ ದೇಹದಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ನಸುಕಿನ ಮುಂಚೆ ಮೈಯ ಉಷ್ಣತೆ ಇಳಿದು ಎಚ್ಚರ ಕುಗ್ಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ದಾದಿಯು ಎಚ್ಚರದಿಂದ ಔಷಧಿಯನ್ನು ಅಳೆಯಬೇಕಾದುದು ಇಂತಹ ಹೊತ್ತಿನಲ್ಲಿಯೇ. ವಾರ್ಡಿನ ದೀಪದ ಬೆಳಕು ಮೆಲಟೋನಿನ್ನನ್ನು ತಗ್ಗಿಸುತ್ತದೆ. ಮನೆಗೆ ಮರಳಿದರೆ ಬಿಸಿಲು, ಬೀದಿಯ ಸದ್ದು, ಮನೆಗೆಲಸಗಳು ನಿದ್ರೆಯನ್ನು ಕದಿಯುತ್ತವೆ. ದೇಹವು ಇರುಳಿನ ದುಡಿಮೆಗೆ ಹೊಂದಿಕೊಳ್ಳುವ ಮುನ್ನವೇ ಪಾಳಿ ಬದಲಾಗುತ್ತದೆ.

ಇದರ ಫಲವಾಗಿ ಅಜೀರ್ಣ, ತಲೆನೋವು, ಋತುಚಕ್ರದ ಏರುಪೇರು ಮೊದಲಾದವು ತಲೆದೋರಬಹುದು. ಅಮೆರಿಕದಲ್ಲಿ 1976ರಲ್ಲಿ ಆರಂಭವಾದ ಅಧ್ಯಯನವೊಂದು 1,21,700 ದಾದಿಯರ ಆರೋಗ್ಯವನ್ನು ಗಮನಿಸಿತು. ಬಹುಕಾಲ ಸರದಿಯ ರಾತ್ರಿ ಪಾಳಿ ಮಾಡಿದವರಲ್ಲಿ ಹೃದ್ರೋಗ, ಮಧುಮೇಹಗಳು ಅಧಿಕವೆಂದು ಅದರಿಂದ ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ ಇಂತಹ ದುಡಿಮೆಯನ್ನು ಕ್ಯಾನ್ಸರಿಗೆ ಸಂಭಾವ್ಯ ಕಾರಣಗಳ ಪಟ್ಟಿಗೆ ಸೇರಿಸಿತು. ಎಲ್ಲರಿಗೂ ರೋಗ ತಪ್ಪದೆಂದು ಇದರ ಅರ್ಥವಲ್ಲ. ಅಪಾಯ ಹೆಚ್ಚೆಂದು ಮಾತ್ರ.

ರಾತ್ರಿ ಪಾಳಿಯನ್ನು ನಿಲ್ಲಿಸುವಂತಿಲ್ಲ. ಅದರ ಭಾರವನ್ನು ಹಗುರಮಾಡಬಹುದು. ಸತತವಾದ ರಾತ್ರಿಗಳನ್ನು ಕಡಿಮೆ ಮಾಡುವುದು, ಪಾಳಿಗಳನ್ನು ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಸಾಗಿಸುವುದು, ಬಳಿಕ ಸಾಕಷ್ಟು ಬಿಡುವು ಕೊಡುವುದು ಆಡಳಿತದ ಹೊಣೆ. ಇರುಳಿನಲ್ಲಿ ಮಿತಾಹಾರ, ಹಗಲಿನಲ್ಲಿ ಕತ್ತಲೆ ಕೋಣೆಯ ನಿದ್ರೆ ದಾದಿಯರಿಗೆ ಹಿತಕರ. ಆ ನಿದ್ರೆಗೆ ಭಂಗ ತಾರದೆ ಮನೆಗೆಲಸವನ್ನು ಹಂಚಿಕೊಳ್ಳುವುದು ಮನೆಯವರ ಕರ್ತವ್ಯ. ನಮ್ಮ ಆರೋಗ್ಯಕ್ಕಾಗಿ ಎಚ್ಚರಿರುವವರ ಆರೋಗ್ಯವನ್ನು ಕಾಯುವುದು ನಮ್ಮೆಲ್ಲರ ಹೊಣೆಯಲ್ಲವೆ?